ಗಂಗೂಬಾಯಿ ಹಾಡುವಾಗ ಕೇಳಿಸುವ ಇನ್ನೊಂದು ದನಿ

ಗಂಗೂಬಾಯಿ ಹಾನಗಲ್ ಅವರ ಕಛೇರಿಗಳ ರೆಕಾರ್ಡಿಂಗ್ ಕೇಳುವಾಗ ಈಚೆಗೆ ನನಗೊಂದು ಚಟ ಅಂಟಿಕೊಂಡಿದೆ. ಅವರನ್ನು ಬಿಟ್ಟು ಅವರ ಹಿಂದೆ ಕೂತವರ ದನಿಗೆ ಕಿವಿ ಕೊಡುವ ಚಟ. ಬಾಯಿ ಒಂದು ಸ್ವರ ಹಿಡಿದು ನಿಲ್ಲುತ್ತಾರೆ. ಆ ದನಿ ಗೊತ್ತಲ್ಲ, ಒಮ್ಮೆ ಕೇಳಿದವರು ಮರೆಯುವಂಥದ್ದಲ್ಲ. ಅವರು ಉಸಿರಿಗೆ ಬಿಡುವ ಒಂದೆರಡು ಕ್ಷಣದಲ್ಲಿ ಇನ್ನೊಂದು ದನಿ ಅದೇ ಸ್ವರವನ್ನು ಎತ್ತಿಕೊಳ್ಳುತ್ತದೆ. ಹಗುರವಾದ ಹೆಣ್ಣುದನಿ. ಸ್ವಲ್ಪ ದೂರದಿಂದ ಬಂದ ಹಾಗಿರುತ್ತದೆ, ಮೈಕು ಅವರ ಎದುರಿಗೆ ಇರಲಿಲ್ಲವೋ ಏನೋ. ಬಾಯಿ ಮತ್ತೆ ಶುರು ಮಾಡಿದ ಕೂಡಲೇ ಅದು ಸುಮ್ಮನಾಗುತ್ತದೆ. ಅದು ಕೃಷ್ಣಾ ಹಾನಗಲ್ ಅವರ ದನಿ. ಮಗಳು.

ನಾನು ಇದನ್ನೆಲ್ಲ ಕೇಳುವುದು ಹೆಚ್ಚಾಗಿ ಆಫೀಸಿನಿಂದ ವಾಪಸ್ ಬರುವ ಬಸ್ಸಿನಲ್ಲಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮಾರ್ವಾ ಕೇಳುವುದು ಒಂದು ಥರದ ಅನ್ಯಾಯವೇ. ಆದರೆ ಸಂಜೆಯ ರಾಗವನ್ನು ಸಂಜೆ ಹೊತ್ತಿಗೇ ಕೇಳೋಕೆ ನನಗೆ ಸಿಗುವ ಜಾಗ ಅದೊಂದೇ. ಇಯರ್‌ಫೋನ್ ಹಾಕಿಕೊಂಡರೆ ಒಂದು ಲಾಭ ಇದೆ, ಸ್ಪೀಕರಿನಲ್ಲಿ ಕೇಳಿಸದ ಸಣ್ಣಪುಟ್ಟದ್ದೆಲ್ಲ ಕೇಳಿಸುತ್ತದೆ. ತಂಬೂರಿ ಶ್ರುತಿ ಒಂಚೂರು ಇಳಿದದ್ದು, ಯಾರೋ ಕೆಮ್ಮಿದ್ದು, ಮುಂದಿನ ಸಾಲಿನ ಹಿರಿಯರೊಬ್ಬರ "ವಾಹ್". ಹಾಗೇ ಈ ಎರಡನೇ ದನಿ. ಅದು ಒಮ್ಮೆ ಕಿವಿಗೆ ಬಿತ್ತೋ, ಆಮೇಲೆ ಬಿಡುವುದೇ ಇಲ್ಲ.

ಗಂಗೂಬಾಯಿ ಬಗ್ಗೆ ನಾವು ಬರೆಯುವಾಗ, ಮಾತಾಡುವಾಗ, ಒಂದು ಸಿದ್ಧ ಕಥೆ ಇದೆ. ಬಡತನ, ಜಾತಿಯ ಅವಮಾನ, ಗಂಟಲ ಚಿಕಿತ್ಸೆ, ಬದಲಾದ ದನಿ, ಕೊನೆಗೆ ಪದ್ಮವಿಭೂಷಣ. ಅದು ಸುಳ್ಳಲ್ಲ. ಆದರೆ ಆ ಕಥೆಯಲ್ಲಿ ತಾಯಿಗೆ ಒಂದು ಸಾಲು, ಮಗಳಿಗೆ ಒಂದು ಸಾಲು. ಅವರ ಹಾಡನ್ನು ಕೇಳುತ್ತಾ ಹೋದ ಹಾಗೆ ಅನಿಸೋದು ಏನೆಂದರೆ, ಈ ಒಂದು ದನಿ ಉಳಿಯೋಕೆ ಅದರ ಆಚೆ ಈಚೆ ಎರಡು ದನಿಗಳು ಜಾಗ ಬಿಟ್ಟುಕೊಟ್ಟಿವೆ. ಒಂದು ಪೂರ್ತಿ ನಿಂತುಹೋಯಿತು. ಇನ್ನೊಂದು ಹಿಂದೆ ಕೂತಿತು.

ತಾಯಿ

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಅಂಬಾಬಾಯಿ ಒಳ್ಳೆಯ ಹಾಡುಗಾರ್ತಿ, ಹಾಡುತ್ತಿದ್ದದ್ದು ಕರ್ನಾಟಕ ಸಂಗೀತ. ಧಾರವಾಡ ಅಂದ ಕೂಡಲೇ ನಮಗೆ ಹಿಂದೂಸ್ತಾನಿ ನೆನಪಾಗುತ್ತದೆ, ಆದರೆ ಆಗಿನ್ನೂ ಅಲ್ಲಿ ಎರಡೂ ಒಂದೇ ಬೀದಿಯಲ್ಲಿ ಓಡಾಡಿಕೊಂಡಿದ್ದವು. ಊರು ಮುಂಬೈ ಇಲಾಖೆಗೆ ಸೇರಿತ್ತು. ಮರಾಠಿ ನಾಟಕ ಕಂಪನಿಗಳು ಬಂದು ಕ್ಯಾಂಪ್ ಹಾಕುತ್ತಿದ್ದವು. ಮೈಸೂರು ಅರಮನೆಗೆ ಹೋಗಿಬರುವ ಉಸ್ತಾದರು ದಾರಿಯಲ್ಲಿ ಇಳಿಯುತ್ತಿದ್ದರು. ಅವರಲ್ಲಿ ಒಬ್ಬರು ಕಿರಾಣಾ ಘರಾಣೆಯ, ಅಂದರೆ ಆ ಹೆಸರಿನ ಹಿಂದೂಸ್ತಾನಿ ಗಾಯನ ಪರಂಪರೆಯ, ಅಬ್ದುಲ್ ಕರೀಂ ಖಾನ್. ಅವರಿಗೆ ಕರ್ನಾಟಕ ಸಂಗೀತದ ಮೇಲೆ ಬಹಳ ಪ್ರೀತಿ, ಅಂಬಾಬಾಯಿ ಹಾಡುವುದನ್ನು ಕೇಳಲೆಂದೇ ಮನೆಗೆ ಬರುತ್ತಿದ್ದರಂತೆ. ಆ ಘರಾಣೆಯ ಹಾಡನ್ನು ಜಗತ್ತಿಗೆಲ್ಲ ಕೇಳಿಸಬೇಕಾಗಿದ್ದ ಹುಡುಗಿ ಅಲ್ಲೇ ಮೂಲೆಯಲ್ಲಿ ಕೂತಿದ್ದಳು. ಅವಳಿಗೆ ಖಾನ್ ಸಾಹೇಬರು ಹೇಳಿದ್ದು, ಚೆನ್ನಾಗಿ ಉಣ್ಣು, ಚೆನ್ನಾಗಿ ಹಾಡು, ಅಂತ. ಹುಡುಗಿ ಅಷ್ಟು ಸಣಕಲು ಇದ್ದಳು.

ಆ ಹುಡುಗಿಯ ಕಿವಿ ಮಾತ್ರ ಬೀದಿಯ ಕಡೆಗಿತ್ತು. ಎಲ್ಲೋ ಗ್ರಾಮಫೋನಿನಲ್ಲಿ ಆಗ್ರಾದ ಜೊಹ್ರಾಬಾಯಿ ಹಾಡು ಕೇಳಿದರೆ ಓಡಿಹೋಗಿ ನಿಲ್ಲುತ್ತಿದ್ದಳು, ಕೇಳಿದ್ದನ್ನು ಮನೆಗೆ ಬಂದು ಹಾಡುತ್ತಿದ್ದಳು. ತಾಯಿಗೆ ಅರ್ಥವಾಯಿತು, ಮಗಳ ಗಂಟಲು ಹಿಂದೂಸ್ತಾನಿ ಕಡೆ ತಿರುಗಿದೆ ಅಂತ. 1928ರಲ್ಲಿ ಮನೆಮಂದಿ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದರು. ಮಗಳಿಗೆ ಪಾಠ ಸಿಗಲಿ ಅನ್ನುವುದು ಅದಕ್ಕೆ ಮುಖ್ಯ ಕಾರಣ. ಜತೆಗೆ ಅಂಬಾಬಾಯಿ ಇನ್ನೊಂದು ಕೆಲಸ ಮಾಡಿದರು. ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು. ಮಗಳು ಕಲಿಯುವ ಪದ್ಧತಿಯಲ್ಲಿ ತನ್ನ ಪದ್ಧತಿ ಬೆರೆತು ಕೆಡಬಾರದು, ಅಷ್ಟೇ.

ಮಕ್ಕಳ ಎಸ್ಸೆಸ್ಸೆಲ್ಸಿಗೆ ಅಂತ ಟಿವಿ ಕನೆಕ್ಷನ್ ತೆಗೆಸಿದ ಅಪ್ಪ ಅಮ್ಮಂದಿರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಪರೀಕ್ಷೆ ಮುಗಿದ ಮೇಲೆ ಟಿವಿ ವಾಪಸ್ ಬರುತ್ತದೆ. ಇದು ಹಾಗಲ್ಲ ನೋಡಿ. ತನ್ನ ತಾಯಿಯಿಂದ ಬಂದ ವಿದ್ಯೆ, ಊರವರು ಗುರುತಿಸುವ ವಿದ್ಯೆ, ಕರೀಂ ಖಾನರಂಥವರು ಬಂದು ಕೂತು ಕೇಳಿದ ವಿದ್ಯೆ. ಅದನ್ನು ಕಛೇರಿಯಲ್ಲಿ ನಿಲ್ಲಿಸುವುದು ಹೇಗೋ ಆಗುತ್ತದೆ ಅನ್ನಿ. ಮನೆಯಲ್ಲಿ? ಒಗ್ಗರಣೆ ಹಾಕುವಾಗ, ಕೂಸು ಮಲಗಿಸುವಾಗ, ಬಾಯಿಗೆ ತಾನೇ ಬರುವುದನ್ನು ತಡೆಯುವುದು ಹೇಗೆ? ನಮ್ಮಮ್ಮನಿಗೆ ಹೇಳಿಕೊಳ್ಳುವಂಥ ಸಂಗೀತ ಬರುವುದಿಲ್ಲ, ಆದರೂ ಬೆಳಿಗ್ಗೆ ಒಂದು ದಾಸರ ಪದ ಗುನುಗದೆ ಅವಳಿಗೆ ಒಲೆ ಹೊತ್ತಿಸಲು ಆಗುವುದಿಲ್ಲ. ಅಂಬಾಬಾಯಿ ಆ ಗುನುಗನ್ನೂ ನುಂಗಿಕೊಂಡರೋ, ಮಗಳು ಹೊರಗೆ ಹೋದಾಗ ಹಾಡಿಕೊಂಡರೋ, ಅದನ್ನು ಯಾರೂ ಬರೆದಿಟ್ಟಿಲ್ಲ. ಅವರು ತೀರಿಕೊಂಡದ್ದು 1932ರಲ್ಲಿ. ಮಗಳಿಗೆ ಆಗಿನ್ನೂ 20 ತುಂಬಿರಲಿಲ್ಲ. ಮಗಳು ದೊಡ್ಡ ಗವಾಯಿ ಆದದ್ದನ್ನು ತಾಯಿ ನೋಡಲೇ ಇಲ್ಲ.

ಇದನ್ನು ತ್ಯಾಗ ಅಂತ ಕರೆದು ಕೈಮುಗಿದು ಮುಂದೆ ಹೋಗುವುದು ಸುಲಭ. ನನಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ಅಂಬಾಬಾಯಿ ಒಳ್ಳೆಯ ಲೆಕ್ಕಾಚಾರದ ಹೆಂಗಸು ಅನಿಸುತ್ತದೆ. ಆ ಕಾಲದ ಉತ್ತರ ಕರ್ನಾಟಕದಲ್ಲಿ ಕಾಸು, ಮರ್ಯಾದೆ ಎರಡೂ ಯಾವ ಸಂಗೀತದ ಕಡೆ ಹರಿಯುತ್ತಿದೆ ಅನ್ನುವುದು ಅವರಿಗೆ ಕಾಣಿಸಿತ್ತು. ಹಾಡುವ ಮನೆತನದ ಹೆಣ್ಣುಮಗಳಿಗೆ ಹಾಡೇ ಹೊಲ, ಹಾಡೇ ಮನೆ. ಮಗಳಿಗೆ ಯಾವ ಹೊಲ ಕೊಡಬೇಕು ಅಂತ ಅವರು ತೀರ್ಮಾನ ಮಾಡಿದರು, ತನ್ನದನ್ನು ಬೀಳು ಬಿಟ್ಟರು.

ಮಾವಿನಕಾಯಿ

ಗಂಗೂಬಾಯಿ ತಮ್ಮ ಬಾಲ್ಯದ ಒಂದು ಪ್ರಸಂಗವನ್ನು ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದಾರೆ. ಧಾರವಾಡದಲ್ಲಿ ಪಕ್ಕದವರ ತೋಟಕ್ಕೆ ನುಗ್ಗಿ ಮಾವಿನಕಾಯಿ ಕದ್ದದ್ದು. ಯಾವ ಮಗು ಕದ್ದಿಲ್ಲ ಹೇಳಿ? ಸಿಕ್ಕಿಬಿದ್ದಾಗ ತೋಟದವರಿಗೆ ಸಿಟ್ಟು ಬಂದದ್ದು ಕಾಯಿ ಹೋದದ್ದಕ್ಕಲ್ಲ. ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳಲ್ಲ, ಅದಕ್ಕೆ. ಮುಂದೆ ಅದೇ ಮಂದಿ ತಮ್ಮನ್ನು ಮನೆಗೆ ಕರೆದು ಕೂರಿಸಿ ಉಪಚಾರ ಮಾಡುತ್ತಾರೆ ಅಂತ ಹೇಳಿ ಅವರು ನಗುತ್ತಿದ್ದರು. ದೊಡ್ಡ ನಗು ಅವರದು.

ಬೀದಿಯಲ್ಲಿ ನಡೆದು ಹೋದರೆ "ಗಾನೇವಾಲಿ ಬಂದಳು" ಅಂತ ಹಿಂದಿನಿಂದ ಕೂಗುವುದು, ಕಿಟಕಿಯಿಂದ ಇಣುಕಿ ನೋಡುವುದು, ಇದೆಲ್ಲ ದಿನನಿತ್ಯದ ಸಂಗತಿ ಆಗಿತ್ತು. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಎದುರು ಸ್ವಾಗತಗೀತೆ ಹಾಡಿದವರಲ್ಲಿ 11 ವರ್ಷದ ಇವರೂ ಇದ್ದರು. ಆ ದಿನದ ನೆನಪಿನಲ್ಲೂ ಹಾಡಿಗಿಂತ ಜಾಸ್ತಿ ಇರುವುದು ಊಟದ ಹೊತ್ತಿನ ಅಳುಕು. ಬೇರೆ ಕೂರಿಸುತ್ತಾರೇನೋ, ಎಲೆ ಎತ್ತಿಸುತ್ತಾರೇನೋ ಅಂತ.

ಈ ಪ್ರಸಂಗಗಳನ್ನು ನಾನು ಇಲ್ಲಿ ಎತ್ತಿದ್ದಕ್ಕೆ ಕಾರಣ ಇದೆ. ಅಂಬಾಬಾಯಿ ಯಾಕೆ ಅಷ್ಟು ಹಟ ಹಿಡಿದರು ಅನ್ನುವುದು ಇದನ್ನು ಬಿಟ್ಟರೆ ಅರ್ಥವಾಗುವುದಿಲ್ಲ. ಊರಿಗೆ ಇವರ ಹಾಡು ಬೇಕು, ಇವರು ಬೇಡ. ಹಾಡನ್ನು ಬಿಟ್ಟು ಬೇರೆ ದಾರಿ ಹಿಡಿದವರು ಆ ಕಾಲದಲ್ಲಿ ಕೆಲವರು ಇದ್ದರು. ಈ ತಾಯಿ ಅದೇ ಹಾಡನ್ನು ಯಾರೂ ಬೆರಳು ತೋರಿಸದಷ್ಟು ಎತ್ತರಕ್ಕೆ ಒಯ್ಯಲು ಹೊರಟರು. ಮಗಳೂ ಹಾಗೇ ಬೆಳೆದರು. ಗಂಡಸು ಹಾಡಿದರೆ ಪಂಡಿತ ಆಗುತ್ತಾನೆ, ಉಸ್ತಾದ ಆಗುತ್ತಾನೆ, ನಾವು ಮಾತ್ರ ಕೊನೇ ತನಕ ಬಾಯಿಯೇ, ಅಂತ ಅವರು ಚುಚ್ಚಿದ್ದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದನ್ನು ಹೇಳುವ ಹೊತ್ತಿಗೆ ಯಾವ ಪಂಡಿತರೂ ಅವರ ಮುಂದೆ ಕೂತು ಹಾಡಲು ಒಂದು ಸಲ ಯೋಚಿಸುತ್ತಿದ್ದರು ಅನ್ನುವುದು ಬೇರೆ ಮಾತು.

ಕುಂದಗೋಳದ ರೈಲು

ಹುಬ್ಬಳ್ಳಿಯಲ್ಲಿ ಮೊದಲ ಗುರು ಕೃಷ್ಣಾಚಾರ್ಯ ಹುಲಗೂರ. ಒಂದೇ ವರ್ಷದಲ್ಲಿ ಸುಮಾರು 60 ಚೀಜು, ಅಂದರೆ ರಾಗಕ್ಕೆ ಕಟ್ಟಿದ ಹಾಡು, ಕಲಿಸಿದರಂತೆ. ಆಮೇಲೆ ಫೀಸಿನ ವಿಷಯಕ್ಕೆ ಮಾತು ಬಂದು ಪಾಠ ನಿಂತಿತು. ಆಮೇಲೆ ದತ್ತೋಪಂತ ದೇಸಾಯರ ಹತ್ತಿರ ಕೆಲಕಾಲ. ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು ಸಿಕ್ಕರೂ ಕೈಗೆ ಸಿಗುತ್ತಿರಲಿಲ್ಲ, ಅವರು ನಾಟಕ ಕಂಪನಿಗಳ ಜತೆ ಊರೂರು ಸುತ್ತುವವರು. ಅವರು ಊರಿಗೆ ಮರಳಿ ನೆಲೆ ನಿಂತ ಮೇಲೆ, 1930ರ ದಶಕದ ಕೊನೆಯ ಹೊತ್ತಿಗೆ, ನಿಜವಾದ ತಾಲೀಮು ಶುರುವಾಯಿತು.

ಆಗ ಗಂಗೂಬಾಯಿ ಮೂರು ಮಕ್ಕಳ ತಾಯಿ. 16ನೇ ವಯಸ್ಸಿನಲ್ಲಿ ಗುರುರಾವ್ ಕೌಲಗಿ ಅವರ ಕೈಹಿಡಿದಿದ್ದರು. ಕೌಲಗಿಯವರು ಬ್ರಾಹ್ಮಣರು, ವಕೀಲರು, ಸಂಗೀತದ ಮೇಲೆ ಪ್ರೀತಿ ಇದ್ದವರು, ಹಾಡು ಬಿಡು ಅಂತ ಒಂದು ದಿನವೂ ಹೇಳಿದವರಲ್ಲ. ಆದರೆ ಕೈಹಾಕಿದ ವ್ಯವಹಾರಗಳು ಕೈಗೂಡಲಿಲ್ಲ. ಮನೆ ನಡೆಯಬೇಕಾದದ್ದು ಬಾಯಿಯವರ ಹಾಡಿನಿಂದ. ಅಂದರೆ ಲೆಕ್ಕ ಹೀಗೆ: ಬೆಳಿಗ್ಗೆ ಮನೆಗೆಲಸ, ಮಕ್ಕಳು. ಆಮೇಲೆ ಹುಬ್ಬಳ್ಳಿ ಸ್ಟೇಷನ್. ಎಂಎಸ್ಎಂ (ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ) ರೈಲ್ವೆಯ ಮೀಟರ್ ಗೇಜ್ ಗಾಡಿ, ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳ. ಅಲ್ಲಿ ಗುರುಗಳ ಮನೆ. ಕತ್ತಲಾದ ಮೇಲೆ ವಾಪಸ್. ಒಬ್ಬ ಹೆಣ್ಣುಮಗಳು ದಿನಾ ರೈಲು ಹತ್ತಿ ಹೋಗಿ ರಾತ್ರಿ ಬರುವುದು 1930ರ ದಶಕದಲ್ಲಿ ಓಣಿಯ ಮಂದಿಗೆ ಎಂಥಾ ಮಾತಿನ ಸರಕು ಅಂತ ನಾನು ಬೇರೆ ಹೇಳಬೇಕಾಗಿಲ್ಲ.

ಅದೇ ಮನೆಯಲ್ಲಿ ಆಗ ಹದಿಹರೆಯದ ಭೀಮಸೇನ ಜೋಶಿ ಇದ್ದರು, ನೀರು ಹೊರುತ್ತಾ, ಗುರುಸೇವೆ ಮಾಡುತ್ತಾ. ಸಂಜೆ ಗಂಗೂಬಾಯಿ ಅಕ್ಕನನ್ನು ಸ್ಟೇಷನ್ನಿಗೆ ಬಿಟ್ಟುಬರುವುದು ಅವರ ಪಾಲಿನ ಕೆಲಸ. ದಾರಿಯಲ್ಲಿ ಅಕ್ಕನಿಗೆ ಅವತ್ತು ಏನು ಪಾಠ ಆಯಿತು ಅಂತ ಕೇಳಿ ಕೇಳಿ ತಾವೂ ಕಲಿಯುತ್ತಿದ್ದರು. ನನಗೆ ಈ ಚಿತ್ರ ಬಹಳ ಇಷ್ಟ. ಮುಂದೆ ಇಬ್ಬರ ಹಾಡೂ ಎಷ್ಟು ಬೇರೆ ಆಯಿತು ನೋಡಿ, ಒಬ್ಬರದು ಬಿರುಗಾಳಿ, ಇನ್ನೊಬ್ಬರದು ಕದಲದ ನಿಲುವು. ಪಾಠ ಮಾತ್ರ ಒಂದೇ.

ಸವಾಯಿ ಗಂಧರ್ವರ ಪಾಠ ಹುಲಗೂರ ಮಾಸ್ತರರ ಪಾಠಕ್ಕೆ ಪೂರ್ತಿ ಉಲ್ಟಾ. ಅಲ್ಲಿ ವರ್ಷಕ್ಕೆ 60 ಚೀಜು, ಇಲ್ಲಿ ಒಂದೇ ಪಲುಕಿಗೆ, ಒಂದು ಸಣ್ಣ ಸ್ವರಗುಂಪಿಗೆ, ದಿನಗಟ್ಟಲೆ. ಸ್ವರವನ್ನು ಜಿಪುಣ ದುಡ್ಡು ಬಿಚ್ಚುವ ಹಾಗೆ ಎಣಿಸಿ ಎಣಿಸಿ ಬಳಸಬೇಕು, ಆಗಲೇ ಕೇಳುವವನಿಗೆ ಅದರ ಬೆಲೆ ತಿಳಿಯುತ್ತದೆ ಅಂತ ಗುರುಗಳು ಕಲಿಸಿದ್ದನ್ನು ಗಂಗೂಬಾಯಿ ಕೊನೆಯ ತನಕ ಹೇಳುತ್ತಿದ್ದರು. ಅವರ ಯಾವ ವಿಲಂಬಿತ್, ಅಂದರೆ ನಿಧಾನಗತಿಯ, ಖಯಾಲನ್ನಾದರೂ ಹಾಕಿ ಕೇಳಿ. ಮೇಲಿನ ಷಡ್ಜ ಬರಲಿ ಅಂತ ನೀವು ಕಾಯುತ್ತಿರುತ್ತೀರಿ. ಅವರು ನಿಷಾದಕ್ಕೆ ಬಂದು, ಬಾಗಿಲು ತನಕ ಬಂದು, ಒಳಗೆ ಬರದೆ ವಾಪಸ್ ಹೋಗುತ್ತಾರೆ. ಮತ್ತೆ ಬರುತ್ತಾರೆ. ಮತ್ತೆ ಹೋಗುತ್ತಾರೆ. ಅಷ್ಟು ಹೊತ್ತಿಗೆ ನಮ್ಮ ಬಸ್ಸು ಎರಡು ಸಿಗ್ನಲ್ ದಾಟಿರುತ್ತದೆ. ಆಮೇಲೆ ಕೊಡುತ್ತಾರೆ ಆ ಷಡ್ಜವನ್ನು.

ಗಂಡು ದನಿ

1930ರ ದಶಕದಲ್ಲಿ ಎಚ್ಎಂವಿ ಕಂಪನಿ ಇವರ ಹಾಡುಗಳನ್ನು ಗ್ರಾಮಫೋನ್ ತಟ್ಟೆಗಳಲ್ಲಿ ತಂದಿತ್ತು. ಕೆಲವು ತಟ್ಟೆಗಳ ಮೇಲೆ ಹೆಸರು ಗಾಂಧಾರಿ ಹಾನಗಲ್ ಅಂತ ಇದೆ. ಅವನ್ನು ಕೇಳಿದರೆ ನೀವು ನಂಬುವುದಿಲ್ಲ. ಎಳೆಯ, ಚೂಪಾದ, ಸಿಹಿಯಾದ ದನಿ. ಸರಸರ ಓಡುವ ತಾನುಗಳು. ಮೂರು ಮೂರೂವರೆ ನಿಮಿಷದಲ್ಲಿ ರಾಗ, ಚೀಜು, ತಾನು ಎಲ್ಲ ಮುಗಿಯಬೇಕು, ಮುಗಿಯುತ್ತದೆ. ಮರಾಠಿ ಭಾವಗೀತೆಗಳೂ ಇವೆ. ಆ ಹುಡುಗಿ ಹಾಗೇ ಹಾಡುತ್ತಾ ಹೋಗಿದ್ದರೆ ಒಬ್ಬ ಜನಪ್ರಿಯ ಗಾಯಕಿ ಆಗುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ.

ಆಮೇಲೆ ಗಂಟಲಿನ ತೊಂದರೆ. ಟಾನ್ಸಿಲ್ಸಿಗೆ ಚಿಕಿತ್ಸೆ. ಅದಾದ ಮೇಲೆ ಆ ದನಿ ಮರಳಿ ಬರಲಿಲ್ಲ. ಬಂದದ್ದು ದಪ್ಪನೆಯ, ಕೆಳಗಿನ ಸುರದ, ಗಂಡಸಿನದು ಅನ್ನುವಂಥ ದನಿ. ಹಾಡಿನ ಮೇಲೇ ನಿಂತ ಮನೆ, ಮೂರು ಮಕ್ಕಳು. ಆ ದಿನಗಳ ಬಗ್ಗೆ ಅವರು ಹೆಚ್ಚು ಅತ್ತುಕೊಂಡು ಹೇಳಿದ್ದನ್ನು ನಾನು ಎಲ್ಲೂ ಓದಿಲ್ಲ. ದನಿ ಹೀಗಿದೆ, ಸರಿ, ಇದರಲ್ಲೇ ಹಾಡೋಣ, ಅಂದುಕೊಂಡ ಹಾಗಿದೆ. 1945ರ ನಂತರ ಠುಮ್ರಿ, ಭಜನೆ, ಭಾವಗೀತೆ ಎಲ್ಲ ಬಿಟ್ಟು ಬರೀ ರಾಗಕ್ಕೆ ನಿಂತರು.

ಇಲ್ಲಿ ನನ್ನದೊಂದು ತರ್ಕ ಇದೆ, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಸಿಹಿ ದನಿ ಮೂರು ನಿಮಿಷದ ತಟ್ಟೆಗೆ ಹೇಳಿ ಮಾಡಿಸಿದ್ದು. ಈ ದಪ್ಪ ದನಿಗೆ ಮೂರು ನಿಮಿಷ ಸಾಲದು, ಅದು ಏಳುವುದೇ ನಿಧಾನ. ಅದಕ್ಕೆ ಬೇಕಾದದ್ದು ಸಮಯ. ದನಿ ಬದಲಾದ ಹೊತ್ತಿಗೇ ಕಾಲವೂ ಬದಲಾಗುತ್ತಿತ್ತು. ರಾಜರು, ಜಹಗೀರದಾರರು ಹೋಗುತ್ತಿದ್ದರು. ಸಂಗೀತ ಸಮ್ಮೇಳನಗಳು, ಗಣೇಶೋತ್ಸವದ ಕಛೇರಿಗಳು ಬೆಳೆಯುತ್ತಿದ್ದವು. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಆಮೇಲೆ ಎಲ್‌ಪಿ ತಟ್ಟೆ ಬಂತು, ಒಂದು ಮಗ್ಗುಲಿಗೆ 20 ನಿಮಿಷ. ಜಿಪುಣನ ಹಾಗೆ ಸ್ವರ ಬಿಚ್ಚುವ ಹಾಡಿಗೆ ಜಾಗ ಸಿಕ್ಕಿತು. ಕೆಟ್ಟದ್ದು ಒಳ್ಳೆಯದಾಯಿತು ಅಂತ ನಾನು ಹೇಳುತ್ತಿಲ್ಲ, ಅವರಿಗೆ ಆ ಹಳೆಯ ದನಿ ಬೇಕಿತ್ತೋ ಏನೋ ಯಾರಿಗೆ ಗೊತ್ತು. ಆದರೆ ಗುರುಗಳು ಕುಂದಗೋಳದಲ್ಲಿ ಕೊಟ್ಟ ನಿಧಾನ, ಆ ತಟ್ಟೆಯ ಕಾಲದಲ್ಲೇ ಉಳಿದಿದ್ದರೆ ಉಪಯೋಗಕ್ಕೆ ಬರುತ್ತಿರಲಿಲ್ಲ ಅನಿಸುತ್ತದೆ.

ನಮ್ಮ ಅಜ್ಜಿಯ ಮನೆಯಲ್ಲಿ, ಗದಗಿನ ಕಡೆ, ಗೂಡಿನಲ್ಲಿ ಒಂದು ರೇಡಿಯೋ ಇತ್ತು. ರಜೆಗೆ ಹೋದಾಗ ಒಂದು ರಾತ್ರಿ ಊಟದ ಹೊತ್ತಿಗೆ ಹಾಡು ಬರುತ್ತಿತ್ತು. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಯಾವ ಬುವಾ ಹಾಡಾಕತ್ತಾನೋ, ಎದಿ ಗಟ್ಟಿ ಐತಿ" ಅಂದಳು. ಮಾವ ನಕ್ಕು, "ಬುವಾ ಅಲ್ಲವ್ವಾ, ನಮ್ಮ ಹುಬ್ಬಳ್ಳಿ ಗಂಗೂಬಾಯಾರು" ಅಂದ. ಅಜ್ಜಿ ನಂಬಲಿಲ್ಲ. ಹಾಡು ಮುಗಿದು ಹೆಸರು ಹೇಳುವ ತನಕ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಕೂತಿದ್ದಳು. ಹೆಸರು ಕೇಳಿದ ಮೇಲೆ ಏನೂ ಹೇಳಲಿಲ್ಲ, ಮತ್ತೆ ರೊಟ್ಟಿ ಬಡಿದಳು. ಸ್ವಲ್ಪ ಹೊತ್ತಾದ ಮೇಲೆ ಮಾತ್ರ, "ಹಂಗಾರ ಹೆಣಮಕ್ಕಳೂ ಹಿಂಗ ಹಾಡಬೌದು ಅಂದಂಗಾತು" ಅಂದಳು. ಆ ಮಾತು ಯಾರಿಗೆ ಹೇಳಿದ್ದು ಅಂತ ನನಗೆ ಆಗ ತಿಳಿಯಲಿಲ್ಲ. ಅಜ್ಜಿ ಸೋಬಾನೆ ಪದ ಹಾಡಿದರೆ ಇಡೀ ಓಣಿ ಕೇಳುತ್ತಿತ್ತಂತೆ, ನಾನು ಹುಟ್ಟುವ ಹೊತ್ತಿಗೆ ಬಿಟ್ಟಿದ್ದಳು.

ಮಗಳು

ಗಂಗೂಬಾಯಿಯವರನ್ನು ಎದುರಿಗೆ ಕೂತು ಕೇಳಿದ್ದು ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲಿನಲ್ಲಿ, 1990ರ ದಶಕದ ಶುರುವಿನಲ್ಲಿ. ಅಪ್ಪ ಕರೆದುಕೊಂಡು ಹೋಗಿದ್ದರು. ಹೊತ್ತಾಗಿ ಹೋದದ್ದಕ್ಕೆ ಮುಂದೆ ಜಾಗ ಸಿಗದೆ ಒಂದು ಪಕ್ಕಕ್ಕೆ ಕೂತೆವು. ಹಾಗೆ ಕೂತದ್ದೇ ಒಳ್ಳೆಯದಾಯಿತು. ಎದುರಿಗೆ ಕೂತವರಿಗೆ ಕಾಣುವುದು ಬಾಯಿಯವರು ಮಾತ್ರ. ಪಕ್ಕದಿಂದ ನೋಡಿದರೆ ಹಿಂದೆ ಕೂತವರೂ ಪೂರ್ತಿ ಕಾಣುತ್ತಾರೆ.

ಬಾಯಿ ಸಣ್ಣ ಆಳು, ಸೆರಗು ಹೊದ್ದು ಕೂತರೆ ಇನ್ನೂ ಸಣ್ಣ. 80ರ ಹತ್ತಿರದ ವಯಸ್ಸು. ಬಾಯಿ ತೆರೆದರೆ ಆ ದನಿ ಎಲ್ಲಿಂದ ಬರುತ್ತದೆ ಅಂತ ಹುಡುಕಬೇಕು. ಅವರ ಹಿಂದೆ ತಂಬೂರಿ ಹಿಡಿದು ಕೃಷ್ಣಾ. ಅವರಿಗೂ ಆಗಲೇ 60 ದಾಟಿತ್ತು. ಇದು ನನಗೆ ಆಮೇಲೆ ಲೆಕ್ಕ ಹಾಕಿದಾಗ ಹೊಳೆದದ್ದು, ಆಗ ಅವರು ನನಗೆ ಬರೀ ಮಗಳಾಗಿ ಕಂಡಿದ್ದರು. 60 ದಾಟಿದ ಹೆಂಗಸು, ಸ್ವತಃ ಪಕ್ವವಾದ ಗಾಯಕಿ, ಸಾವಿರಾರು ಜನರ ಕಣ್ಣಿಗೆ ಇನ್ನೂ ಮಗಳು.

ನಾನು ನೋಡುತ್ತಿದ್ದದ್ದು ಅವರ ಕಣ್ಣು. ತಂಬೂರಿಯ ಮೇಲೆ ಬೆರಳು ತನ್ನ ಪಾಡಿಗೆ ಆಡುತ್ತಿತ್ತು, ಕಣ್ಣು ತಾಯಿಯ ಬಲಗೈ ಮೇಲೆ. ಆ ಕೈ ಮೇಲಕ್ಕೆ ಹೋಗಿ ನಿಂತರೆ ಸುಮ್ಮನೆ ಇರಬೇಕು. ಸ್ವಲ್ಪ ಇಳಿದು ಮಡಿಲ ಕಡೆ ಬಂದರೆ ಎತ್ತಿಕೊಳ್ಳಬೇಕು. ತಾಯಿ ಬಿಟ್ಟ ಸ್ವರವನ್ನೇ ಹಿಡಿಯಬೇಕು, ಅಲ್ಲೇ ಒಂದೆರಡು ಸುತ್ತು ಹಾಕಬೇಕು, ಮುಂದಿನ ಸ್ವರಕ್ಕೆ ಹೋಗುವ ಹಾಗಿಲ್ಲ. ಹೊಸ ಸ್ವರದ ಬಾಗಿಲು ತೆಗೆಯುವ ಹಕ್ಕು ಮುಂದೆ ಕೂತವರದು. ಒಂದು ಸಲ ಬಾಯಿಯವರಿಗೆ ಕೆಮ್ಮು ಬಂದು ನೀರು ಕುಡಿದರು. ಆಗ ಕೃಷ್ಣಾ ಸ್ವಲ್ಪ ಜಾಸ್ತಿ ಹೊತ್ತು ಹಾಡಬೇಕಾಯಿತು. ಎಷ್ಟು ಚಂದ ಹಾಡಿದರು ಅಂದರೆ, ನಾಲ್ಕಾರು ಸ್ವರದೊಳಗೇ ಒಂದು ಸಣ್ಣ ಆಲಾಪ ಕಟ್ಟಿದರು, ಹೆಚ್ಚಿಲ್ಲ ಕಡಿಮೆ ಇಲ್ಲ. ತಾಯಿ ಲೋಟ ಕೆಳಗಿಟ್ಟರು. ಆ ಕ್ಷಣಕ್ಕೆ ಸರಿಯಾಗಿ ಮಗಳು ಸಮ್‌ಗೆ, ತಾಳದ ಮೊದಲ ಪೆಟ್ಟಿಗೆ, ತಂದು ಬಿಟ್ಟರು. ನೀರಿನ ಲೋಟ ಕೆಳಗಿಡುವುದಕ್ಕೂ ಸಮ್‌ಗೂ ತಾಳೆ ಹಾಕಿದ್ದರು ಆಕೆ.

ನಮ್ಮ ಪಕ್ಕದಲ್ಲಿ ಇಬ್ಬರು ಹಿರಿಯರು ಕೂತಿದ್ದರು, ಹುಬ್ಬಳ್ಳಿಯ ಹಳೇ ಕೇಳುಗರು. ಒಬ್ಬರು, "ಮಗಳು ಏನ್ ಕಡಿಮಿ ಅಲ್ಲ ಬಿಡ್ರಿ" ಅಂದರು. ಇನ್ನೊಬ್ಬರು, "ಕಡಿಮಿ ಅಂತ ಯಾರಂದ್ರು? ಜಾಗಾ ಸಿಗಬೇಕಲ್ರೀ" ಅಂದರು. ಅಪ್ಪ ನನ್ನ ತೊಡೆ ತಟ್ಟಿ, ಅವರ ಕಡೆ ನೋಡಬೇಡ, ಹಾಡು ಕೇಳು ಅಂತ ಸನ್ನೆ ಮಾಡಿದರು.

ಸಹಗಾಯನ ಅನ್ನುವುದು ಹಿಂದೂಸ್ತಾನಿಯಲ್ಲಿ ಹೊಸದಲ್ಲ. ಶಿಷ್ಯರು ಗುರುಗಳ ಹಿಂದೆ ಕೂತು ತಂಬೂರಿ ನುಡಿಸುತ್ತಾ ದನಿಗೂಡಿಸುವುದೇ ಕಲಿಕೆಯ ಒಂದು ಹಂತ. ಆದರೆ ಅದು ಹಂತ. ಸಾಮಾನ್ಯವಾಗಿ ಶಿಷ್ಯ ಕೆಲವು ವರ್ಷ ಹಿಂದೆ ಕೂತು, ಆಮೇಲೆ ತನ್ನ ಕಛೇರಿಗೆ ತಾನೇ ಮುಂದೆ ಬರುತ್ತಾನೆ. ಕೃಷ್ಣಾ ಹೆಚ್ಚುಕಡಿಮೆ ಇಡೀ ಆಯಸ್ಸು ಅಲ್ಲೇ ಕೂತರು. ಪಟ್ಟಿ, ಅಂದರೆ ಹಾಡುವ ಶ್ರುತಿ, ತಾಯಿಯದು. ತಾಯಿ ಹಿಡಿದ ಸುರ ತನ್ನ ಗಂಟಲಿಗೆ ಅನುಕೂಲವೋ ಅಲ್ಲವೋ, ಅದೇ ಸುರದಲ್ಲಿ ಹಾಡಬೇಕು. ರಾಗದ ಆಯ್ಕೆ ತಾಯಿಯದು. ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು, ಅದೂ. ಇನ್ನೂ ಒಂದು ವಿಷಯ. ಆ ದಪ್ಪ ದನಿಯ ಪಕ್ಕದಲ್ಲಿ ಈ ತೆಳು ದನಿ ಇದ್ದದ್ದಕ್ಕೇ ಆ ದಪ್ಪ ಇನ್ನೂ ದಪ್ಪವಾಗಿ ಕೇಳಿಸುತ್ತಿತ್ತು. ಎಷ್ಟೋ ರೆಕಾರ್ಡಿಂಗ್‌ಗಳಲ್ಲಿ ನಾವು ಗಂಗೂಬಾಯಿಯವರ ದನಿ ಅಂತ ಮೆಚ್ಚುವುದು ನಿಜಕ್ಕೂ ಎರಡು ದನಿಗಳ ನೇಯ್ಗೆಯನ್ನು.

ಇದನ್ನೆಲ್ಲ ನನ್ನ ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ಸ್ವಲ್ಪ ಹಾಡುತ್ತಾಳೆ, ಅವಳ ಗುರುಗಳ ಹಿಂದೆ ಕೂತವಳು. "ನೀನು ಯಾಕೆ ಪಾಪ ಅಂತೀಯಾ? ಅವರಿಗೆ ಅದೇ ಬೇಕಿತ್ತೇನೋ" ಅಂದಳು. ಮುಂದೆ ಕೂತವರಿಗೆ ಜನ ಕಾಣಿಸುತ್ತಾರೆ, ಹಿಂದೆ ಕೂತವರಿಗೆ ರಾಗ ಕಾಣಿಸುತ್ತದೆ, ಎಲ್ಲರೂ ಮುಂದೆಯೇ ಕೂರಬೇಕು ಅಂತ ಯಾರು ಹೇಳಿದ್ದು, ಅಂತ. ನನಗೆ ಅದಕ್ಕೆ ಉತ್ತರ ಸಿಕ್ಕಿಲ್ಲ. ಅವಳು ಹೇಳಿದ್ದರಲ್ಲಿ ಹುರುಳಿದೆ. ಆದರೆ ಅಂಬಾಬಾಯಿ ವಿಷಯದಲ್ಲೂ ನಾವು ಇದನ್ನೇ ಹೇಳಬಹುದಲ್ವಾ? ಅವರಿಗೂ ಅದೇ ಬೇಕಿತ್ತು ಅಂತ. ಮನೆಯ ಹೆಂಗಸರು ಬಿಟ್ಟುಕೊಟ್ಟದ್ದಕ್ಕೆಲ್ಲ ನಾವು ಹೇಳುವ ಮಾತೇ ಅದು. ಗಂಗೂಬಾಯಿಯವರ ಇಬ್ಬರು ಗಂಡುಮಕ್ಕಳಲ್ಲಿ ಯಾರಾದರೂ ಹೀಗೆ ಬದುಕಿಡೀ ಹಿಂದೆ ಕೂತಿದ್ದರೆ ನಾವು ಇಷ್ಟು ಸಹಜವಾಗಿ ತೆಗೆದುಕೊಳ್ಳುತ್ತಿದ್ದೆವಾ, ನನಗೆ ಅನುಮಾನ.

ತಾಯಿ ಮಗಳ ನಡುವೆ ಏನು ಮಾತಾಗಿತ್ತೋ ಅದು ಅವರ ಮನೆಯ ವಿಷಯ. ಗಂಗೂಬಾಯಿಯವರನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ತಾಯಿಯ ಮೌನದ ಮೇಲೆ ನಿಂತು ಹಾಡಿದವರಿಗೆ, ಹಾಡು ನಿಂತರೆ ಮನೆಯೇ ನಿಲ್ಲುತ್ತದೆ ಅಂತ ಕಂಡವರಿಗೆ, ಹಾಡು ಒಬ್ಬರ ಸ್ವಂತ ಆಸ್ತಿ ಅನ್ನುವ ಯೋಚನೆಯೇ ಬಂದಿರಲಿಕ್ಕಿಲ್ಲ. ಅವರ ಮನೆಯಲ್ಲಿ ಹಾಡು ಕೂಡು ಕುಟುಂಬದ ವ್ಯವಹಾರ.

ಆಮೇಲೆ

1966ರಲ್ಲಿ ಕೌಲಗಿಯವರು ಹೋದರು. ಪ್ರಶಸ್ತಿಗಳು ಒಂದೊಂದಾಗಿ ಬಂದವು, 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ, 2002ರಲ್ಲಿ ಪದ್ಮವಿಭೂಷಣ. ಮರುವರ್ಷವೇ ಮೂಳೆಮಜ್ಜೆಯ ಕ್ಯಾನ್ಸರ್, 90ರ ವಯಸ್ಸಿನಲ್ಲಿ. ಅದನ್ನೂ ದಾಟಿ ಎದ್ದು ಕೂತರು. ಆದರೆ 2004ರಲ್ಲಿ ಕ್ಯಾನ್ಸರ್ ಕೃಷ್ಣಾ ಅವರನ್ನು ಕರೆದುಕೊಂಡು ಹೋಯಿತು. ಅವರಿಗೆ 75. ತಾಯಿ ಇದ್ದರು.

ಎರಡು ವರ್ಷದ ನಂತರ, 2006ರಲ್ಲಿ, ಹಾಡಲು ಶುರು ಮಾಡಿ 75 ವರ್ಷ ತುಂಬಿದ ಸಂದರ್ಭಕ್ಕೆ ಗಂಗೂಬಾಯಿ ಕೊನೆಯ ಸಲ ಕಛೇರಿಗೆ ಕೂತರು. ಆ ವಯಸ್ಸಿನ ಹಾಡಿಗೆ ಉಸಿರು ಬಿಡುವ ಜಾಗಗಳೇ ಜಾಸ್ತಿ. ಅರ್ಧ ಶತಮಾನ ಆ ಜಾಗಗಳನ್ನು ತುಂಬಿದ ದನಿ ಇರಲಿಲ್ಲ. ನಾನು ಆ ಕಛೇರಿಗೆ ಹೋಗಿರಲಿಲ್ಲ. ಹೋಗಿದ್ದವರನ್ನು ಕೇಳಿದರೆ ಎಲ್ಲರೂ ಬಾಯಿಯವರ ಬಗ್ಗೆಯೇ ಹೇಳುತ್ತಾರೆ, ಅದು ಸಹಜ.

2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣು ದಾನ ಮಾಡಿದ್ದರು. ಈಗ ಮೈಸೂರಿನಲ್ಲಿ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ, ಉಣಕಲ್ಲಿನಲ್ಲಿ ಗುರುಕುಲ ಇದೆ, ದೇಶಪಾಂಡೆ ನಗರದ ಅವರ ಮನೆ ಗಂಗಾಲಹರಿಯಲ್ಲಿ ವಾದ್ಯಗಳ, ಫೋಟೋಗಳ ಸಂಗ್ರಹ ಇದೆ. ಇಷ್ಟು ಗೌರವ ಸಿಕ್ಕ ಕನ್ನಡದ ಗಾಯಕಿಯರು ಕಡಿಮೆ, ಸಿಗಬೇಕಾದದ್ದೇ.

ಅಂಬಾಬಾಯಿ ಹಾಡಿದ ಒಂದು ಸಾಲನ್ನೂ ನಾನು ಎಲ್ಲೂ ಕೇಳಿಲ್ಲ, ಕೇಳುವ ಆಸೆಯನ್ನೂ ಬಿಟ್ಟಿದ್ದೇನೆ. ಕೃಷ್ಣಾ ಅವರ ವಿಷಯ ಹಾಗಲ್ಲ. ನೂರಾರು ಗಂಟೆಗಳ ರೆಕಾರ್ಡಿಂಗಿನಲ್ಲಿ ಅವರಿದ್ದಾರೆ, ಹೆಸರು ಮಾತ್ರ ಎಷ್ಟೋ ಕಡೆ ಇಲ್ಲ. ಯೂಟ್ಯೂಬಿಗೆ ಹಾಕುವವರು ರಾಗ ಬರೆಯುತ್ತಾರೆ, ತಾಳ ಬರೆಯುತ್ತಾರೆ, ತಬಲಾ ಯಾರು, ಹಾರ್ಮೋನಿಯಂ ಯಾರು ಅಂತ ಕಾಮೆಂಟಿನಲ್ಲಿ ಜಗಳ ಕೂಡ ಆಡುತ್ತಾರೆ. ಹಳೇ ಕ್ಯಾಸೆಟ್ಟು, ಸ್ಪೂಲು ಇಟ್ಟುಕೊಂಡವರು ಹುಬ್ಬಳ್ಳಿ ಧಾರವಾಡದಲ್ಲಿ ಇನ್ನೂ ಬಹಳ ಜನ ಇದ್ದೀರಿ, ನನಗೆ ಗೊತ್ತು. ಹಾಕುವಾಗ ಇನ್ನೊಂದು ಸಾಲು ಸೇರಿಸಿ: ತಂಬೂರಿ ಮತ್ತು ಸಹಗಾಯನ, ಕೃಷ್ಣಾ ಹಾನಗಲ್. ಮತ್ತೆ ಆಕೆ ಒಬ್ಬರೇ ಮುಂದೆ ಕೂತು ಹಾಡಿದ ಕಛೇರಿ ಯಾರ ಪೆಟ್ಟಿಗೆಯಲ್ಲಾದರೂ ಇದ್ದರೆ, ದಯವಿಟ್ಟು ನನಗೂ ಒಂದು ಕಾಪಿ ಕಳಿಸಿ. ಶ್ರುತಿ ಇಳಿದಿದ್ದರೂ ಪರವಾಗಿಲ್ಲ, ಮಧ್ಯದಲ್ಲಿ ಟೇಪು ಸಿಕ್ಕಿಕೊಂಡಿದ್ದರೂ ಪರವಾಗಿಲ್ಲ.